ನಡುವಿನ ತುಂಡು

ಆಕೆ ಕರುಣೆಯಿಲ್ಲದ ಹೆಂಗಸು. ಇದನ್ನು ನಾನು ಬೈಗುಳವಾಗಿ ಬರೆಯುತ್ತಿಲ್ಲ. ಉದ್ದ ಇಷ್ಟು, ತೂಕ ಇಷ್ಟು ಎಂದು ಬರೆಯುವ ಹಾಗೆ ಬರೆಯುತ್ತಿದ್ದೇನೆ. ಯಾರ ಮುಖ ನೋಡಿಯೂ ಆಕೆ ಒಂದು ಅಂಕಿಯನ್ನು ಹಿಗ್ಗಿಸಿದವಳಲ್ಲ, ಒಂದು ಮಾತನ್ನು ಮುಚ್ಚಿಟ್ಟವಳಲ್ಲ. ಕೆಲಸದ ಜಾಗದಲ್ಲಿ ಇಂಥವರನ್ನು ಪ್ರಾಮಾಣಿಕರು ಎಂದು ಹೊಗಳುವುದು ರೂಢಿ. ನನಗೆ ಆ ರೂಢಿ ಒಪ್ಪಿಗೆಯಿಲ್ಲ. ಎದುರಿನವರಿಗೆ ನೋವಾಗುತ್ತದೆ ಎಂಬುದೇ ತಲೆಗೆ ಹೊಳೆಯದವರು ನಿಜ ಹೇಳಿದರೆ ಅದರಲ್ಲಿ ಹೆಚ್ಚುಗಾರಿಕೆ ಏನು? ನೀರಿಗೆ ಹೆದರಲಿಲ್ಲವೆಂದು ಕಲ್ಲನ್ನು ಯಾರೂ ಧೈರ್ಯವಂತ ಎನ್ನುವುದಿಲ್ಲ.

ನಾನು ಮುಖ್ಯಸ್ಥೆಯಾಗಿದ್ದ ವಿಭಾಗದಲ್ಲಿ ಆಕೆ ತಂತಿ ಪರೀಕ್ಷೆ ಮಾಡುತ್ತಿದ್ದಳು. ಮನೆಯ ಗೋಡೆಯೊಳಗೆ ಓಡುವಂಥ ತಂತಿಯಲ್ಲ. ಬಹಳ ತಣ್ಣಗೆ ಮಾಡಿದರೆ ಕರೆಂಟಿಗೆ ಎಳ್ಳಷ್ಟೂ ಅಡ್ಡಿ ಮಾಡದೆ ಹರಿಯಬಿಡುವ ತಂತಿ. ಪುಸ್ತಕದಲ್ಲಿ ಇದಕ್ಕೆ ಅತಿವಾಹಕ ಎಂದು ಹೆಸರು. ಅದು ತಯಾರಾಗುವ ನಮ್ಮ ಶೆಡ್ಡಿನಲ್ಲಿ ಬರೀ ತಂತಿ.

ಆಕೆಯ ಕೋಣೆ ಉದ್ದನೆಯ ಓಣಿಯ ಕೊನೆಗಿತ್ತು. ಬಾಗಿಲು ತೆಗೆದರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಆಳೆತ್ತರದ ಉಕ್ಕಿನ ಪಾತ್ರೆ, ಅದರ ಕೊಳವೆಯ ಮೇಲೆ ಕಟ್ಟಿದ ಬಿಳಿ ಮಂಜು. ಒಳಗೆ ತಂತಿಯನ್ನು ತಣ್ಣಗಾಗಿಸುವ ದ್ರವ ಹೀಲಿಯಂ. ಕಿಟಕಿಯ ಪಕ್ಕದ ಮೇಜಿನ ಮೇಲೆ ಭೂತಗನ್ನಡಿ, ಬೆಸುಗೆ ಹಾಕುವ ಕಡ್ಡಿ, ಒರೆಸಿ ಒರೆಸಿ ಸವೆದ ಬಟ್ಟೆ. ತಂತಿಯ ಒಂದು ತುಂಡು ಬಂದರೆ ಆಕೆ ಅದಕ್ಕೆ ನಾಲ್ಕು ಎಳೆ ಬೆಸೆಯುತ್ತಿದ್ದಳು: ಎರಡು ಕರೆಂಟು ಹರಿಸಲು, ಎರಡು ಮೀಟರಿಗೆ ಜೋಡಿಸಿ ಕಾವಲು ಕಾಯಲು. ತುಂಡನ್ನು ಪಾತ್ರೆಗೆ ಇಳಿಸಿ ಕರೆಂಟನ್ನು ಮೆಲ್ಲಗೆ ಏರಿಸುವುದು. ತುಂಬ ಹೊತ್ತು ಮೀಟರಿನ ಮುಳ್ಳು ಸತ್ತಂತೆ ಬಿದ್ದಿರುತ್ತದೆ. ಒಂದು ಹಂತದಲ್ಲಿ ತಲೆ ಎತ್ತುತ್ತದೆ. ಅದೇ ಆ ತಂತಿಯ ಮಿತಿ. ಅಲ್ಲಿಂದಾಚೆಗೆ ತಂತಿ ಅತಿವಾಹಕವಲ್ಲ, ಸುಡುವ ಬತ್ತಿ.

"ಮಿತಿ ದಾಟಿಸದೆ ಮಿತಿ ಗೊತ್ತಾಗಲ್ಲ," ಎನ್ನುತ್ತಿದ್ದಳು. ತುಂಡು ಯಾರು ಮಾಡಿದ್ದು ಎಂದು ಹೇಳಹೋದರೆ ಕೈ ಅಡ್ಡ ಹಿಡಿಯುವಳು. "ಹೇಳ್ಬೇಡಿ. ತಂತಿಗೆ ಅಪ್ಪ ಅಮ್ಮ ಇಲ್ಲ." ಒಮ್ಮೆ ಹೊರಗಿನ ಅತಿಥಿಗಳು ಕುಳಿತಿರುವಾಗ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಸಂಶೋಧಕಿಯ ಮೊದಲ ತಂತಿಯನ್ನು ಮೇಜಿನ ಮೇಲಿಟ್ಟು, "ಇದು ತಂತಿ ಅಲ್ಲ, ಬೂದಿ ತುಂಬಿದ ಕೊಳವೆ," ಎಂದಳು. ಹುಡುಗಿ ಅತ್ತಳು. ಈಕೆ ಮುಂದಿನ ತುಂಡನ್ನು ಕೈಗೆತ್ತಿಕೊಂಡಳು.

ಎಲ್ಲರೂ ಆಕೆಯನ್ನು ಅತ್ತೆ ಎನ್ನುತ್ತಿದ್ದರು. ಮದುವೆಯೇ ಆಗದವಳಿಗೆ ಈ ಪಟ್ಟ ಸಿಕ್ಕಿದ್ದು ಹೀಗೆ. ಆಕೆಯ ತಮ್ಮ ನಮ್ಮಲ್ಲೇ ತಂತಿ ಎಳೆಯುವ ಕೆಲಸದಲ್ಲಿದ್ದ. ಅವನ ಮಗಳು ಚಿಕ್ಕವಳಿದ್ದಾಗ ಒಂದು ದಿನ ಶಾಲೆಯಿಂದ ನೇರವಾಗಿ ಬಂದು ಓಣಿಯ ತುದಿಯಲ್ಲಿ ನಿಂತು, "ಅತ್ತೇ, ಅಪ್ಪ ಮನೆ ಬೀಗದಕೈ ಕೇಳ್ತಿದಾರೆ!" ಎಂದು ಕೂಗಿದಳು. ಅಪ್ಪನ ಅಕ್ಕ ಅತ್ತೆಯೇ ತಾನೆ. ತಂತಿ ಕಾಯಿಸುವ ಫರ್ನೇಸ್ ನೋಡಿಕೊಳ್ಳುವವನ ಕಿವಿಗೆ ಅದು ಬಿತ್ತು. ಅವನ ಬಾಯಿಗೆ ಬೀಗವೂ ಇರಲಿಲ್ಲ, ಕೈಯೂ ಇರಲಿಲ್ಲ.

"ಆಹಾ, ಮಗು ಬಾಯಲ್ಲಿ ಸತ್ಯ ಬಂತು ನೋಡಿ! ಇಷ್ಟು ವರ್ಷ ಈ ಅಮ್ಮನಿಗೆ ಏನ್ ಹೆಸರಿಡೋದು ಅಂತ ಒದ್ದಾಡ್ತಿದ್ದೆ. ನಮ್ಮ ತಂತಿಗಳೆಲ್ಲ ಸೊಸೆಯರು, ಇವರು ಅತ್ತೆ. ಯಾವ ಸೊಸೆ ಬಂದ್ರೂ ನಡೆ ಸರಿಯಿಲ್ಲ, ನುಡಿ ಸರಿಯಿಲ್ಲ."

ಮಗು ಕರೆದ ಅತ್ತೆ ಒಂದು, ಇವನು ಕರೆದ ಅತ್ತೆ ಇನ್ನೊಂದು. ಅಂಟಿಕೊಂಡದ್ದು ಎರಡನೆಯದು. ಆಕೆಗೆ ಅದು ತಿಳಿದಿತ್ತು. ಬೇಡ ಎನ್ನಲಿಲ್ಲ, ನಗಲೂ ಇಲ್ಲ.

ತಮ್ಮನ ವಿಷಯ ಹೇಳಬೇಕು. ಮೃದು ಮನುಷ್ಯ, ಮಾತು ಕಡಿಮೆ, ಕೆಲಸದಲ್ಲಿ ಮಾತ್ರ ಸ್ವಲ್ಪ ಜಂಬ. ತಂತಿಯ ಹುಟ್ಟು ಅವನ ಕೈಯಲ್ಲಿ. ನಡುವೆ ಮೆಗ್ನೀಸಿಯಂನ ಸರಳು, ಅದರ ಸುತ್ತ ಬೋರಾನ್ ಪುಡಿ, ಅದನ್ನು ಹಿಡಿದಿಡಲು ಟೈಟಾನಿಯಂ ಕೊಳವೆ, ಎಲ್ಲಕ್ಕೂ ಹೊರಗೆ ಲೋಹದ ಕವಚ. ಈ ದಪ್ಪ ಕಂಬಿಯನ್ನು ಡೈ ಎನ್ನುವ ಗಟ್ಟಿ ತೂತಿನಲ್ಲಿ ತೂರಿಸಿ ಎಳೆಯಬೇಕು. ಆಮೇಲೆ ಅದಕ್ಕಿಂತ ಸಣ್ಣ ತೂತು, ಆಮೇಲೆ ಅದಕ್ಕಿಂತ ಸಣ್ಣದು. ಕೊನೆಗೆ ತಂತಿ ಹೊಲಿಗೆ ಸೂಜಿಯಷ್ಟಾಗುತ್ತದೆ. ಅದನ್ನು ಫರ್ನೇಸಿನಲ್ಲಿ ಕಾಯಿಸಿದಾಗ ಒಳಗಿನ ಸರಳು ಪುಡಿಯೊಂದಿಗೆ ಬೆರೆತು ಅತಿವಾಹಕವಾಗುತ್ತದೆ. ಕೆಡುವುದು ಹೆಚ್ಚಾಗಿ ಎಳೆಯುವಾಗಲೇ. ಪುಡಿ ಎಲ್ಲೋ ಒಂದು ಕಡೆ ಗಟ್ಟಿಯಾಗಿ, ಎಲ್ಲೋ ಸಡಿಲವಾಗಿ ಕುಳಿತರೆ ಒಳಗಿನ ಸರಳು ಒಂದೇ ಸಮನೆ ತೆಳ್ಳಗಾಗದೆ ಮಣಿ ಪೋಣಿಸಿದ ಹಾಗೆ ಉಬ್ಬುತ್ತಾ ತಗ್ಗುತ್ತಾ ಹೋಗುತ್ತದೆ. ಹೊರಗೆ ಕಣ್ಣಿಗೆ ಕಾಣದು. ಬೆರಳಿಗೆ ಮಾತ್ರ ಸಣ್ಣ ಅಲೆಯಂತೆ ಸಿಗುತ್ತದೆ.

ತಮ್ಮ ಡೈಯ ಬಾಯಲ್ಲಿ ಹೆಬ್ಬೆರಳೂ ತೋರುಬೆರಳೂ ಒಡ್ಡಿ, ಕಣ್ಣು ಮುಚ್ಚಿ, ಹೊರಬರುವ ತಂತಿಯನ್ನು ಬೆರಳ ನಡುವೆ ಹರಿಯಬಿಡುತ್ತಿದ್ದ. ಇದ್ದಕ್ಕಿದ್ದಂತೆ "ನಿಲ್ಸಿ," ಎನ್ನುತ್ತಿದ್ದ. ಅವನು ನಿಲ್ಲಿಸಿದ ಜಾಗವನ್ನು ಕತ್ತರಿಸಿ ನೋಡಿದರೆ ಮಣಿ ಕಟ್ಟಿರುತ್ತಿತ್ತು. ಹಾಗಾಗಿ ಅವನ ಬೆಂಚಿಗೆ ಬೆರಳು ಚುರುಕಿಲ್ಲದವರನ್ನು ಬಿಡಬಾರದು ಎಂದು ನಾನೇ ನಿಯಮ ಮಾಡಿದ್ದೆ. ತಂತಿಯ ಏರುಪೇರು ಹಿಡಿಯುವ ಒಂದು ಉಂಗುರದ ಯಂತ್ರವನ್ನು ತರಿಸಿದ್ದೂ ಉಂಟು. ತಂತಿ ಅದರೊಳಗೆ ಹಾದುಹೋದರೆ ಕೆಟ್ಟ ಜಾಗದಲ್ಲಿ ಗಂಟೆ ಬಾರಿಸುತ್ತದೆ. ತಮ್ಮ ಅದನ್ನು ನೋಡಿ ನಕ್ಕಿದ್ದ. "ಮೇಡಂ, ನಾನು ಬದುಕಿರೋವಾಗಲೇ ನನ್ನ ಫೋಟೋಕ್ಕೆ ಹಾರ ಯಾಕೆ?" ಉಂಗುರ ಬೀರು ಸೇರಿತು.

ಅಕ್ಕ, ತಮ್ಮ, ಅವನ ಹೆಂಡತಿ, ಮಗಳು ಒಂದೇ ಮನೆಯಲ್ಲಿದ್ದರು. ಆ ಮನೆಗೆ ನಾನು ಹೋದದ್ದು ಒಂದೇ ಸಲ. ಆಕೆ ಜ್ವರವೆಂದು ರಜೆಯಲ್ಲಿದ್ದಳು, ಪರೀಕ್ಷೆಯ ಕೋಣೆಯ ಬೀಗದಕೈ ಆಕೆಯ ಬಳಿ ಉಳಿದಿತ್ತು. ಮೂರನೇ ಮಹಡಿ, ಕಿರಿದಾದ ಅಡುಗೆಮನೆ, ಬಾಗಿಲ ಪಕ್ಕದಲ್ಲೇ ಊಟದ ಮೇಜು. ಆಕೆ ಶಾಲು ಹೊದ್ದು ಮೇಜಿನ ತುದಿಯಲ್ಲಿ ಕುಳಿತು ಅಡುಗೆಮನೆಯ ಮೇಲ್ವಿಚಾರಣೆ ನಡೆಸಿದ್ದಳು. ತಮ್ಮನ ಹೆಂಡತಿ ನನ್ನನ್ನು ಕೂರಿಸಿ ಮಾತಿಗೆ ನಿಂತದ್ದರಿಂದ ಒಲೆಯ ಮೇಲಿನ ಹಾಲು ಉಕ್ಕಿ ಬಂತು. ತಮ್ಮ ಬಂದವನೇ ಕುದಿಯುವ ಪಾತ್ರೆಯ ಅಂಚನ್ನು ಬರಿಗೈಯಲ್ಲಿ ಹಿಡಿದು, ಅವಸರವೇ ಇಲ್ಲದೆ ಇಳಿಸಿಟ್ಟ.

"ನೋಡಿದ್ರಾ ಮೇಡಂ, ನಮ್ಮನೇಲಿ ಇಕ್ಕಳ ಬೇಕಾಗಿಲ್ಲ," ಎಂದು ಹೆಂಡತಿ ನಕ್ಕಳು. "ತಂತಿ ಎಳೆದೂ ಎಳೆದೂ ಇವರ ಕೈಯೇ ಕಬ್ಬಿಣ ಆಗಿದೆ."

"ಶೋಕಿ ಸಾಕು," ಎಂದಳು ಅಕ್ಕ. "ಬಟ್ಟೆ ಹಿಡ್ಕೊಂಡು ಇಳಿಸು ಅಂತ ಎಷ್ಟು ಸಲ ಹೇಳ್ಬೇಕೋ ನಿಂಗೆ? ಬಾ ಇಲ್ಲಿ. ಕೈ ತೋರ್ಸು."

"ಬಿಡಕ್ಕ. ಮನೆಗೆ ಬಂದವರ ಮುಂದೆ..."

"ತೋರ್ಸು ಅಂದೆ."

ನಡುವಯಸ್ಸಿನ ಗಂಡಸು ಮಗುವಿನಂತೆ ಅಂಗೈ ಒಡ್ಡಿದ. ಆಕೆ ಒಂದೊಂದೇ ಬೆರಳಿನ ತುದಿಯನ್ನು ಒತ್ತಿ ನೋಡಿದಳು, ಹೊರಳಿಸಿ ನೋಡಿದಳು, ಏನೂ ಹೇಳದೆ ಬಿಟ್ಟಳು. ಆಮೇಲೆ ಹೆಂಡತಿ ಅವನ ಲೋಟಕ್ಕೆ ಸಕ್ಕರೆ ಹಾಕಲು ಹೋದಾಗ, "ಅವನ ರಕ್ತದಲ್ಲಿರೋ ಸಕ್ಕರೆ ಸಾಲ್ದಾ?" ಎಂದು ಚುಚ್ಚಿದಳು. ಕೆಲಸದಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಎನ್ನುವ ಭೇದ ಆಕೆಗಿಲ್ಲ, ಎಲ್ಲೆಡೆಯೂ ಇದೇ ದರ್ಬಾರು ಎಂದುಕೊಂಡು ಬೀಗದಕೈ ತೆಗೆದುಕೊಂಡು ಬಂದೆ.

ಇನ್ನು ಅಲ್ಯೂಮಿನಿಯಂ ತಂತಿಯ ವಿಷಯ. ಅಲ್ಲಿಯವರೆಗೆ ನಾವು ತಂತಿಗೆ ತಾಮ್ರದ ಕವಚ ಹಾಕುತ್ತಿದ್ದೆವು. ತಾಮ್ರ ಒಳ್ಳೆಯ ಲೋಹ, ಆದರೆ ಭಾರ. ಪಕ್ಕದ ಕಟ್ಟಡದ ಮೋಟಾರು ವಿಭಾಗದವರು ವಿಮಾನಕ್ಕೆ ಒಂದು ವಿದ್ಯುತ್ ಮೋಟಾರು ಮಾಡಲು ಹೊರಟಿದ್ದರು. ಅದರ ಸುರುಳಿಗೆ ಹಗುರ ತಂತಿ ಬೇಕು, ಒಂದೇ ಎಳೆಯಲ್ಲಿ ಬೇಕು, ನಡುವೆ ಜೋಡಣೆ ಇರಕೂಡದು. ಅಲ್ಯೂಮಿನಿಯಂ ಹಗುರವೇನೋ ಹೌದು. ಆದರೆ ನಮಗೆ ಬೇಕಾದ ಕಾವಿಗೂ ಅದು ಕರಗುವ ಕಾವಿಗೂ ನಡುವೆ ಕೂದಲೆಳೆಯ ಅಂತರ. ಫರ್ನೇಸಿನವನು ಕೆಲವು ಸಲ ತಂತಿಯ ಬದಲು ತೊಟ್ಟಿಕ್ಕಿದ ಹನಿಗಳನ್ನು ತಂದು ತೋರಿಸಿದ. ಅತ್ತೆಗೆ ಬೇರೆ ಕಷ್ಟ: ಅಲ್ಯೂಮಿನಿಯಂಗೆ ಬೆಸುಗೆ ಹಿಡಿಯುವುದಿಲ್ಲ. ಕೆರೆದು ಹೊಳಪು ಬಂದ ಕ್ಷಣವೇ ಗಾಳಿ ತಾಗಿ ಮೇಲೊಂದು ಪೊರೆ ಬೆಳೆಯುತ್ತದೆ. ಆಕೆ ಒಂದು ಹನಿ ಎಣ್ಣೆಯ ಅಡಿಯಲ್ಲಿ, ಗಾಳಿಗೆ ಮುಖ ತೋರಿಸದ ಹಾಗೆ ಕೆರೆದು, ಎಣ್ಣೆಯೊಳಗೇ ತವರ ಹಚ್ಚುವುದನ್ನು ಪಳಗಿಸಿಕೊಂಡಳು. ಫರ್ನೇಸಿನವನು ಬಿಡುತ್ತಾನೆಯೇ? "ಸರಿ ಬಿಡಿ, ತವರಿನ ಬಲ ಇಲ್ಲದ ಸೊಸೆ ಯಾವ ಅತ್ತೆ ಮನೇಲಿ ನಿಂತಿದಾಳೆ?"

ಕೊನೆಗೊಮ್ಮೆ ಒಂದು ಉದ್ದ ತಂತಿ ಆಯಿತು. ಕರಗಲಿಲ್ಲ, ತುಂಡಾಗಲಿಲ್ಲ. ತಮ್ಮ ಅದನ್ನು ಆದಿಯಿಂದ ಅಂತ್ಯದವರೆಗೆ ಬೆರಳಲ್ಲಿ ಹರಿಸಿದ್ದ, ಒಮ್ಮೆಯೂ ನಿಲ್ಲಿಸಿ ಎಂದಿರಲಿಲ್ಲ. ಡ್ರಮ್ಮಿಗೆ ಸುತ್ತಿಟ್ಟ ಅದನ್ನು ಮೋಟಾರು ವಿಭಾಗದ ಮುಖ್ಯಸ್ಥ ಎರಡೂ ಕೈಯಲ್ಲಿ ಎತ್ತಿ, "ಇದಕ್ಕಿಂತ ನಮ್ಮ ಮೀಟಿಂಗಿನ ಬಿಸ್ಕತ್ತು ಭಾರ ಇರುತ್ತೆ!" ಎಂದ. ಅಂಥದ್ದು ಒಂದೇ ಇತ್ತು. ನಮ್ಮಲ್ಲಿದ್ದ ಆ ಬೋರಾನ್ ಪುಡಿ ಮುಗಿದಿತ್ತು. ಹೊಸದು ಬರಲು ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ದಿನ ಮೋಟಾರಿನವರು ಕಾಯುವುದಿಲ್ಲ. ಈ ತಂತಿ ಇಡಿಯಾಗಿ ಹೋಗಬೇಕು, ಇಲ್ಲವೇ ಅವರು ಹೊರಗಿನಿಂದ ತಾಮ್ರದ್ದನ್ನು ತರಿಸಿಕೊಂಡು ನಮಗೆ ಕೈ ಮುಗಿಯುತ್ತಾರೆ. ಕಸುಬು ಹಿಡಿದಾಗಿನಿಂದ ತಮ್ಮ ಕಾಯುತ್ತಿದ್ದದ್ದು ಇಂಥ ಒಂದು ತಂತಿಗೆ.

ತಲೆಯ ತುಂಡು ಪಾಸಾಯಿತು. ಬಾಲದ ತುಂಡು ಪಾಸಾಯಿತು. ಆಕೆಯ ಕೋಣೆಯ ಬಾಗಿಲಲ್ಲಿ ನಿಂತು ಫರ್ನೇಸಿನವನು ಶಿಳ್ಳೆ ಹೊಡೆದ. "ಅಂತೂ ಅತ್ತೆ ಸೊಸೆನ ಮನೆ ತುಂಬಿಸ್ಕೊಂಡ್ರಪ್ಪ!"

"ಇನ್ನೂ ಹೊಸಿಲು ದಾಟಿಲ್ಲ," ಎಂದಳು ಆಕೆ. "ನಡುವಿನ ತುಂಡು ಎಲ್ಲಿ?"

ಶಿಳ್ಳೆ ನಿಂತಿತು.

ತಲೆ, ಬಾಲ, ನಡು: ಮೂರು ಕಡೆಯ ತುಂಡು ನೋಡದೆ ಸಹಿ ಹಾಕಬಾರದು ಎಂಬುದು ತಾಮ್ರದ ಕಾಲದ ಪದ್ಧತಿ. ಆಗ ತಂತಿಗಳು ಬೇಕಾದಷ್ಟಿದ್ದವು, ನಡು ಕತ್ತರಿಸಿದರೆ ನಷ್ಟವಿರಲಿಲ್ಲ. ಇಲ್ಲಿ ನಡು ಕತ್ತರಿಸಿದರೆ ತಂತಿಯೇ ಇಲ್ಲ. ಎಲ್ಲರೂ ನನ್ನ ಕೋಣೆಗೆ ಬಂದರು.

"ಏನಮ್ಮಾ ಇದು," ಎಂದ ಮೋಟಾರಿನವನು, "ಮಗು ಗಟ್ಟಿಮುಟ್ಟಾಗಿದೆಯಾ ಅಂತ ನೋಡೋಕೆ ಹೊಟ್ಟೆ ಸೀಳ್ತೀರಾ?"

"ಸುರುಳಿ ಸುತ್ತಿ, ಅಂಟು ಹೊಯ್ದು ಗಟ್ಟಿ ಮಾಡಿದ ಮೇಲೆ ನಡುವಲ್ಲಿ ಸುಟ್ಟುಹೋದ್ರೆ ನಿಮ್ಮ ಮೋಟಾರೂ ಹೋಗುತ್ತೆ. ಆಗ ಯಾರ ಹೊಟ್ಟೆ ಸೀಳ್ತೀರಿ?"

ತಮ್ಮ ಬಾಗಿಲ ಹತ್ತಿರ ನಿಂತಿದ್ದ. "ಅಕ್ಕ, ಒಂದೊಂದು ಗೇಣೂ ನನ್ನ ಬೆರಳಲ್ಲೇ ಹೋಗಿದೆ. ಏನೂ ಇಲ್ಲ. ರೇಷ್ಮೆ ಥರ ಬಂದಿದೆ. ನನ್ನ ಕೈ ಮೇಲೆ ನಂಬಿಕೆ ಇಲ್ವಾ ನಿಂಗೆ?"

"ಇಲ್ಲ."

ಅಷ್ಟೇ. ಆ ಒಂದು ಪದವನ್ನು ಆಕೆ ಎಷ್ಟು ಸರಾಗವಾಗಿ ಹೇಳಿದಳೆಂದರೆ ಮೋಟಾರಿನವನೂ ತಲೆ ತಗ್ಗಿಸಿದ.

ಆಕೆಯ ಮಾತನ್ನು ತಳ್ಳಿಹಾಕುವ ಅಧಿಕಾರ ನನಗಿತ್ತು. ತಳ್ಳಿಹಾಕಲಿಲ್ಲ. ಪದ್ಧತಿ ಎಂಬುದು ಅನುಕೂಲವಾದಾಗ ಪಾಲಿಸಲು ಇರುವುದಲ್ಲ.

ಎಲ್ಲಿ ಕತ್ತರಿಸಬೇಕೆಂಬ ಪ್ರಶ್ನೆ ಬಂದಾಗ ಆಕೆ ಎಂದೂ ಕಾಲಿಡದ ಶೆಡ್ಡಿಗೆ ತಾನೇ ಬಂದಳು. ಡ್ರಮ್ಮಿನಿಂದ ಡ್ರಮ್ಮಿಗೆ ತಂತಿಯನ್ನು ಬಿಚ್ಚಿ ಸುತ್ತಿಸುತ್ತಾ ತನ್ನ ಬೆರಳ ನಡುವೆ ಹರಿಸಿದಳು. ಎಲ್ಲರೂ ನೋಡುತ್ತಿದ್ದರು. "ಎಲ್ಲಿ ಕೊಯ್ದರೆ ಹೆಚ್ಚು ನೋಯುತ್ತೆ ಅಂತ ಹುಡುಕ್ತಿದಾರೆ," ಎಂದು ಫರ್ನೇಸಿನವನು ನನ್ನ ಕಿವಿಯಲ್ಲಿ ಹೇಳಿದ. ಆಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ನಡುಭಾಗ ಬರುವ ಹೊತ್ತಿಗೆ ಆಕೆ ಕೈ ಎತ್ತಿದಳು. ತಂತಿ ನಿಂತಿತು. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದಳು.

ತಮ್ಮ ಬಂದು ಗುರುತಿನ ಜಾಗವನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆದು ನೋಡಿದ. "ಇಲ್ಲೇನಿದೆ? ನುಣ್ಣಗಿದೆ."

"ಕತ್ತರಿ ಕೊಡಿ," ಎಂದಳು ಆಕೆ.

"ಬೇಡ. ಎಳೆದೋನು ನಾನು, ಕತ್ತರಿಸೋನೂ ನಾನೇ." ಗುರುತಿನ ಎರಡೂ ಬದಿಗೆ ಅವನೇ ಕತ್ತರಿಸಿದ. ತಂತಿಯ ಎರಡು ತುದಿಗಳೂ ಬೇರೆ ಬೇರೆ ದಿಕ್ಕಿಗೆ ಹಾರಿ ಬಿದ್ದವು. "ಅತ್ತೆ ಒಡೆದ ಗಡಿಗೆಗೆ ಬೆಲೆ ಇಲ್ಲ ಬಿಡಿ," ಎಂದು ಯಾರೋ ಹಿಂದಿನಿಂದ ಹೇಳಿದರು. ಆಕೆ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಓಣಿಯ ಕೊನೆಯ ಕೋಣೆಗೆ ಹೊರಟಳು. ನಾವೆಲ್ಲ ಹಿಂದೆ ಹೋದೆವು, ಹೆಣದ ಹಿಂದೆ ಹೋಗುವವರ ಹಾಗೆ.

ಎಣ್ಣೆಯ ಹನಿ, ಕೆರೆತ, ತವರ, ನಾಲ್ಕು ಎಳೆ. ತುಂಡು ಪಾತ್ರೆಗೆ ಇಳಿಯಿತು. ಕೊಳವೆಯ ಬಾಯಿಂದ ಬಿಳಿ ಹೊಗೆ ಚೆಲ್ಲಿ ನೆಲದ ಮೇಲೆ ಹರಿಯಿತು. ಆಕೆ ಕರೆಂಟು ಏರಿಸತೊಡಗಿದಳು. ತುದಿಯ ತುಂಡುಗಳು ಹೊತ್ತ ಕರೆಂಟಿನ ಅರ್ಧವನ್ನೂ ಮುಟ್ಟಿರಲಿಲ್ಲ, ಮುಳ್ಳು ತಲೆ ಎತ್ತಿತು.

ಎಲ್ಲರೂ ಮೀಟರಿನತ್ತ ಬಗ್ಗಿದರು. ಕೊನೆಗೆ ತಮ್ಮನೇ, "ಬೆಸುಗೆ ಸರಿಯಾಗಿ ಹಿಡಿದಿಲ್ವೇನೋ ಅಕ್ಕ?" ಎಂದ.

ಆಕೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಗಲಿಲ್ಲ. ತುಂಡನ್ನು ಮೇಲಕ್ಕೆತ್ತಿ, ಬೆಚ್ಚಗಾಗಲು ಬಿಟ್ಟು, ಬೆಸುಗೆ ಬಿಚ್ಚಿ ಮತ್ತೆ ಮೊದಲಿನಿಂದ ಹಾಕಿದಳು. ಮತ್ತೆ ಇಳಿಸಿದಳು. ಮುಳ್ಳು ಅದೇ ಜಾಗದಲ್ಲಿ ಎದ್ದಿತು. ಆಮೇಲೆ ತುಂಡಿನ ಒಂದು ತುದಿಯನ್ನು ಉದ್ದಕ್ಕೆ ಸೀಳಿ ಭೂತಗನ್ನಡಿಯ ಕೆಳಗಿಟ್ಟು ತಮ್ಮನಿಗೆ ಜಾಗ ಬಿಟ್ಟಳು. ಒಳಗೆ ಸರಳಿದ್ದ ಜಾಗ ಹರಿದ ಮಣಿಸರದ ಹಾಗಿತ್ತು. ಅವನು ಬಗ್ಗಿ ನೋಡಿದ. ತುಂಬ ಹೊತ್ತು ನೋಡಿದ. ಹೊರಗೆ ಹೋದ.

ಉಳಿದ ತುಂಡನ್ನು ನಾನು ನನ್ನ ಮೇಜಿಗೆ ಒಯ್ದೆ. ನನ್ನ ಬೆರಳು ಜೀವಮಾನವಿಡೀ ಸೀಮೆಸುಣ್ಣ ಕಾಗದ ಹಿಡಿದ ಬೆರಳು, ಅದಕ್ಕೆ ಯಾವ ಕಸುಬೂ ಗೊತ್ತಿಲ್ಲ. ಆದರೂ ತುಂಡನ್ನು ಸವರಿದಾಗ ಉಬ್ಬು ತಗ್ಗು ಸ್ಪಷ್ಟವಾಗಿ ಸಿಕ್ಕಿತು. ನನಗೇ ಸಿಕ್ಕಿದ್ದು ಅವನಿಗೆ ಸಿಗದೆ ಹೋಯಿತೇ? ಅವನನ್ನು ಕರೆಸಿ ತುಂಡನ್ನು ಕೈಗೆ ಕೊಟ್ಟೆ. "ಈಗ ಹೇಳಪ್ಪ. ಹೇಗಿದೆ?"

ಅವನು ಸವರಿದ. ಮತ್ತೆ ಸವರಿದ. "ಒಳಗೆ ಕೆಟ್ಟಿದೆ, ಕಣ್ಣಾರೆ ನೋಡಿದೆ ಮೇಡಂ. ಆದ್ರೆ ಮೇಲೆ ನುಣ್ಣಗೇ ಇದೆಯಲ್ಲ!"

ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆ ಎಂದುಕೊಂಡೆ. ಜಂಬಕ್ಕೆ ಬಿದ್ದು, ಎಳೆಯುವಾಗಲೇ ತಿಳಿದದ್ದನ್ನು ನುಂಗಿಕೊಂಡಿದ್ದಾನೆ, ಈಗಲೂ ನುಂಗುತ್ತಿದ್ದಾನೆ. ತಪ್ಪು ಮಾಡಿದವನನ್ನು ಬೆಂಚಿನಲ್ಲಿ ಉಳಿಸಿಕೊಳ್ಳಬಹುದು, ಸುಳ್ಳು ಹೇಳುವವನನ್ನಲ್ಲ. ಅವನನ್ನು ಉಗ್ರಾಣಕ್ಕೆ ಹಾಕಬೇಕೆಂದು ತೀರ್ಮಾನಿಸಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬಾಗಿಲು ತಟ್ಟದೆ ಒಳಗೆ ಬಂದು ನನ್ನ ಮುಖ ನೋಡಿದಳು.

"ಸುಳ್ಳು ಹೇಳೋನಲ್ಲ ಮೇಡಂ ಅವನು. ಉಂಗುರ ಬೀರುವಲ್ಲಿ ಕೊಳೀತಾ ಬಿದ್ದಿದೆ. ನಾಳೆಯಿಂದ ಅದನ್ನ ಬೆಂಚಿಗೆ ಹಾಕ್ಸಿ. ಉಂಗುರ ನೋಡದ ತಂತೀನ ನಾನು ಮುಟ್ಟಲ್ಲ. ಯಾರ ಕೈ ಮೇಲೂ ನಂಗೆ ನಂಬಿಕೆ ಇಲ್ಲ."

"ನನ್ನ ಕೈ ಇರೋವಾಗ ಉಂಗುರ ಯಾಕಕ್ಕಾ?" ಅವನು ತುಂಡನ್ನು ಮೇಜಿನ ಮೇಲಿಟ್ಟ. "ಇಷ್ಟು ವರ್ಷ ನಾನು ಮಾಡಿದ್ದೇನು ಹಾಗಾದ್ರೆ?"

"ಮಾಡಿದ್ದು ಆಯ್ತು. ಇನ್ಮೇಲೆ ಎಳಿ, ಅಷ್ಟು ಸಾಕು. ನೋಡೋ ಕೆಲಸ ಅದು ಮಾಡ್ಲಿ."

ನನ್ನೆದುರಿಗೇ ಒಡಹುಟ್ಟಿದವನ ಕಸುಬನ್ನು ಅರ್ಧಕ್ಕೆ ಕೊಯ್ದುಬಿಟ್ಟಳು. ಕರುಣೆಯಿಲ್ಲದ ಹೆಂಗಸು ಎಂಬ ಮಾತನ್ನು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡದ್ದು ಆ ದಿನ. ಆದರೆ ಆಕೆ ಕೇಳಿದ್ದು ನ್ಯಾಯವಾಗಿತ್ತು. ಉಂಗುರ ಹಾಕಿಸಿದೆ. ಉಂಗುರವಿದ್ದ ಮೇಲೆ ಎಳೆಯುವವನ ಬೆರಳು ಹೇಗಿದ್ದರೂ, ಬಾಯಿ ಹೇಗಿದ್ದರೂ ತಂತಿಗೆ ಬಾಧಕವಿಲ್ಲ. ಅವನನ್ನು ಉಗ್ರಾಣಕ್ಕೆ ಕಳಿಸುವ ಮಾತು ಹಾಗೇ ಹಿಂದೆ ಬಿತ್ತು.

ಮೋಟಾರಿನವರು ಆ ವರ್ಷದ ಸುರುಳಿಯನ್ನು ಹೊರಗಿನ ತಾಮ್ರದ ತಂತಿಯಲ್ಲಿ ಸುತ್ತಿಕೊಂಡರು. ಭಾರವಾಯಿತೆಂದು ಅವರೇ ಗೊಣಗಿದರು. ನಮ್ಮ ಶೆಡ್ಡಿನಲ್ಲಿ ಅಕ್ಕ ತಮ್ಮಂದಿರ 'ವ್ಯಾಜ್ಯ' ಬಹಳ ದಿನ ಮಾತಾಯಿತು. ಇಬ್ಬರೂ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಸಂಜೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ತಮ್ಮ ಮೊದಮೊದಲು ಉಂಗುರದ ಪಕ್ಕ ಬೆರಳನ್ನೂ ಒಡ್ಡಿ ನಿಲ್ಲುತ್ತಿದ್ದ. ಉಂಗುರ ಗಂಟೆ ಬಾರಿಸಿದಾಗ ಬೆಚ್ಚಿ ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದ. ಆಮೇಲಾಮೇಲೆ ಕೈ ಒಡ್ಡುವುದನ್ನು ಬಿಟ್ಟ.

ಹೊಸ ಪುಡಿ ಬಂತು. ಮತ್ತೆ ಉದ್ದ ತಂತಿ ಎಳೆದರು, ಈ ಸಲ ನಡುವಿನ ತುಂಡಿಗೆಂದೇ ಅಂಥದ್ದೇ ಇನ್ನೊಂದು ಜೋಡಿ ತಂತಿ ಮಾಡಿದರು. ತಲೆ ಪಾಸಾಯಿತು, ಬಾಲ ಪಾಸಾಯಿತು. ಜೋಡಿಯ ನಡು ಕತ್ತರಿಸಿ ಇಳಿಸಿದಾಗ ಮುಳ್ಳು ಸತ್ತಂತೆ ಬಿದ್ದೇ ಇತ್ತು; ಎದ್ದಾಗ ಎಲ್ಲರೂ ಬಯಸಿದ ಜಾಗದಾಚೆ ಎದ್ದಿತು. ಅತ್ತೆ ಸಹಿ ಹಾಕಿದಳು. ಮೋಟಾರಿನವನು ಮುಂದಿನ ಮೋಟಾರಿಗೆ ಅದನ್ನು ಹೊತ್ತುಕೊಂಡು ಹೋದ.

ಆ ದಿನ ನಾನು ಎಲ್ಲರಿಗೂ ಚಹಾ ಹೇಳಿದೆ. ಕ್ಯಾಂಟೀನಿನ ಉದ್ದ ಬೆಂಚು, ಸ್ಟೀಲಿನ ಲೋಟಗಳು. ನಾನು ಅಕ್ಕ ತಮ್ಮಂದಿರ ಎದುರಿಗೆ ಕುಳಿತಿದ್ದೆ. ಹೊಗೆಯಾಡುವ ಲೋಟಗಳನ್ನು ತಂದಿಟ್ಟ ಕೂಡಲೇ ನನ್ನ ಲೋಟವನ್ನು ಮುಟ್ಟಿದೆ. ಬೆರಳು ಸುಟ್ಟು ಕೈ ಹಿಂದೆಗೆದೆ. ತಮ್ಮ ತನ್ನ ಲೋಟದತ್ತ ಕೈ ಚಾಚಿದ. ಅವನ ಕೈ ಮುಟ್ಟುವ ಮೊದಲೇ ಪಕ್ಕದಿಂದ ಆಕೆಯ ಕೈ ಬಂದು ಲೋಟವನ್ನು ತನ್ನ ಕಡೆ ಎಳೆದುಕೊಂಡಿತು. ಆಕೆ ಅವನತ್ತ ತಿರುಗಿರಲಿಲ್ಲ. ಪಕ್ಕದವರ ಜೊತೆ ಹೀಲಿಯಂ ದುಬಾರಿಯಾದ ಬಗ್ಗೆ ಜಗಳವಾಡುತ್ತಿದ್ದಳು. ಸೆರಗನ್ನು ಎಳೆದು ಲೋಟದ ಸುತ್ತ ಹಿಡಿದು, ಆಗಾಗ ಒಂದು ಬೆರಳನ್ನು ಅಂಚಿಗೆ ತಾಗಿಸುತ್ತಿದ್ದಳು. ಅವನೂ ಆಕೆಯತ್ತ ನೋಡಿರಲಿಲ್ಲ. ಚಾಚಿದ ಕೈಯನ್ನು ಮೇಜಿನ ಮೇಲೆ ಹಾಗೇ ಇಟ್ಟುಕೊಂಡು ಕಾಯುತ್ತಿದ್ದ. ಬಹಳ ಕಾಲದಿಂದ ದಿನವೂ ನಡೆದುಬಂದ ಕೆಲಸ ಎಂದು ನೋಡಿದರೇ ತಿಳಿಯುತ್ತಿತ್ತು.

ಅಂಗಾತ ಬಿದ್ದಿದ್ದ ಆ ಕೈಯ ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು. ಆಗ ನನಗೆ ಉಕ್ಕಿದ ಹಾಲು ನೆನಪಾಯಿತು, ಅವನ ರಕ್ತದ ಸಕ್ಕರೆ ನೆನಪಾಯಿತು. ಅವನು ಸುಳ್ಳು ಹೇಳಿರಲಿಲ್ಲ. ಸಕ್ಕರೆ ಕಾಯಿಲೆಗೆ ಮರಗಟ್ಟಿದ ಬೆರಳಿಗೆ ಬಿಸಿಯೂ ತಿಳಿಯುತ್ತಿರಲಿಲ್ಲ, ತಂತಿಯ ಮಣಿಯೂ ತಿಳಿಯುತ್ತಿರಲಿಲ್ಲ. ಅದು ಆಕೆಗೆ ಗೊತ್ತಿತ್ತು. ನನ್ನ ನಿಯಮವೂ ಗೊತ್ತಿತ್ತು. ಹೇಳಿದ್ದರೆ ನಾನು ಅವನನ್ನು ಅಂದೇ ಬೆಂಚಿನಿಂದ ಎಬ್ಬಿಸುತ್ತಿದ್ದೆ, ಉಂಗುರವಿಲ್ಲದಿದ್ದರೆ ಇಂದೂ ಎಬ್ಬಿಸುತ್ತೇನೆ. ಆಕೆ ಹೇಳಲಿಲ್ಲ. ಕೆಟ್ಟ ತಂತಿಯನ್ನು ಹೋಗಗೊಡಲೂ ಇಲ್ಲ. ನಡುವೆ ಉಳಿದ ದಾರಿ ಒಂದೇ: ಎಲ್ಲರ ಕಣ್ಣಲ್ಲಿ ಅತ್ತೆಯಾಗುವುದು.

ಫರ್ನೇಸಿನವನು ಮೇಜಿನ ಆ ತುದಿಯಿಂದ ನೋಡಿ ಕೂಗಿದ: "ಅಯ್ಯೋ, ನೋಡ್ರಪ್ಪ! ತಮ್ಮನ ಚಹಾನೂ ಟೆಸ್ಟ್ ಮಾಡ್ದೆ ಬಿಡಲ್ಲ ಅತ್ತೆ!"

ಬೆಂಚೆಲ್ಲ ನಕ್ಕಿತು. ತಮ್ಮನೂ ನಕ್ಕ. ಆಕೆ ನಗಲಿಲ್ಲ. ಇನ್ನೊಮ್ಮೆ ಬೆರಳು ತಾಗಿಸಿ ನೋಡಿ, ಲೋಟವನ್ನು ಅವನ ಅಂಗೈಯೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿದಳು.

"ಪಾಸಾಯ್ತು," ಎಂದಳು. "ಕುಡಿ."